ಹರಳೆಣ್ಣೆ ಕುಡಿಯುವ ಕಾರು

ರಾವಂದೂರಿನ ಹೈಸ್ಕೂಲ್ ಮೇಷ್ಟರ ಮನೆಯಲ್ಲಿ ಕಾರಿದೆ ಎಂದರೆ ನೀವು ಮೊದಲು ನನ್ನ ಸಂಬಳದ ಬಗ್ಗೆ ಯೋಚಿಸುತ್ತೀರಿ, ಆಮೇಲೆ ನನ್ನ ಮಾವನ ಬಗ್ಗೆ. ಎರಡನೆಯದು ಅರ್ಧ ಸರಿ. ಕಾರು ಬಂದದ್ದು ಮಾವನಿಂದಲೇ. ಆದರೆ ಹೆಣ್ಣು ಕೊಟ್ಟ ಮಾವನಿಂದಲ್ಲ, ಸೋದರಮಾವನಿಂದ. ಉದ್ದ ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ. ಇಂಜಿನ್ನು ನಿಂಬೆಹಣ್ಣಿನಷ್ಟು. ನಗಬೇಡಿ. ಆ ನಿಂಬೆಹಣ್ಣು ಶುರುವಾದರೆ ಎರಡು ಬೀದಿ ಆಚೆಯ ಎಮ್ಮೆಗಳು ಗೂಟ ಕಿತ್ತುಕೊಳ್ಳುತ್ತವೆ.

ಮಾವ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಪರದೇಶಕ್ಕೆ ಹಿಂತಿರುಗುತ್ತಿದ್ದ ಯಾರೋ ಸಾಹೇಬರು ಅದನ್ನು ಅವರ ಕೈಗಿತ್ತು ಹೋಗಿದ್ದರಂತೆ. ರಿಟೈರಾಗಿ ಬಂದಾಗ ಅದನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆ ಬಂತು. ಸೋದರಳಿಯಂದಿರು ಇಬ್ಬರು: ಹುಣಸೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನನ್ನ ಚಿಕ್ಕಮ್ಮನ ಮಗ, ಮತ್ತು ನಾನು. ನಾನು ವಿಜ್ಞಾನದ ಮೇಷ್ಟರು. ಅಂತರ್ದಹನ ಯಂತ್ರದ ಚಿತ್ರವನ್ನು ಪುಸ್ತಕ ನೋಡದೆ ಕಪ್ಪುಹಲಗೆಯ ಮೇಲೆ ಬರೆಯಬಲ್ಲವನು. ಅದನ್ನೇ ಹೇಳಿದೆ, ಸ್ವಲ್ಪ ಹೆಚ್ಚಾಗಿಯೇ ಹೇಳಿದೆ. ಮಾವ ಕಾರನ್ನು ನನಗೇ ಕೊಟ್ಟರು, ಒಂದು ಷರತ್ತಿನ ಮೇಲೆ. "ಸುಗ್ಗಿ ಮುಗುದ್ಮೇಲೆ ಬತ್ತೀನಿ. ನನ್ ಕಣ್ಮುಂದೆ ಓಡ್ಬೇಕು. ಓಡ್ನಿಲ್ವಾ, ಹುಣಸೂರಿಗೆ ತಕ್ಕೊಂಡೋಯ್ತೀನಿ ಕಣೋ. ಇಂಥದ್ದು ಇನ್ನೊಂದ್ ಸಿಕ್ಕಾಕಿಲ್ಲ."

ಈ ಕಾರಿನೊಳಗೆ ಕೂರುವುದಕ್ಕಾಗಲಿ ದೂರದಿಂದ ತಿರುಗಿಸುವುದಕ್ಕಾಗಲಿ ಆಗುವುದಿಲ್ಲ. ಮಧ್ಯದಲ್ಲೊಂದು ಕಂಬ ನೆಟ್ಟು, ತಂತಿಯಿಂದ ಕಟ್ಟಿ ಬಿಟ್ಟರೆ ಸುತ್ತು ಹೊಡೆಯುತ್ತದೆ. ನಮ್ಮೂರಿನಲ್ಲಿ ಅದಕ್ಕೆ ಜಾಗ ಹುಡುಕಬೇಕೆ? ಪುಟ್ಟೇಗೌಡರ ಕಣವಿತ್ತು. ನಡುವೆ ಒಕ್ಕಣೆಯ ಎತ್ತು ಕಟ್ಟುವ ಮೇಟಿ ಕಂಬ, ಸುತ್ತ ಸಗಣಿ ಸಾರಿಸಿದ ನುಣ್ಣನೆ ನೆಲ. ರಾಗಿ ಒಕ್ಕಣೆ ಮುಗಿದಿತ್ತು. ಗೌಡರು ಎರಡೇ ಮಾತು ಹೇಳಿದರು: "ಆಡ್ಕಳಿ ಮೇಷ್ಟ್ರೇ. ಚಪ್ಲಿ ಆಚೆ ಬುಡಿ."

ಇನ್ನು ಕಾರಿನ ಆಹಾರ. ಹರಳೆಣ್ಣೆ, ಸೀಮೆಎಣ್ಣೆ, ಈಥರ್, ಮೂರೂ ಸಮಸಮ. ಈಥರ್ ಶೀಸೆಯನ್ನು ಮಾವ ಮೈಸೂರಿನಿಂದ ತಂದಿದ್ದರು. ಸೀಮೆಎಣ್ಣೆ ನಮ್ಮ ಲಾಟೀನಿನ ಪಾಲಿನದು. ಹರಳೆಣ್ಣೆ ನಮ್ಮ ಮನೆಯವರು, ಎಂದರೆ ಜಯಮ್ಮ, ಹರಳು ಹುರಿದು, ಕುಟ್ಟಿ, ಕುದಿಸಿ ತೆಗೆದದ್ದು. ಉಳಿದ ಇಂಜಿನ್ನುಗಳಿಗೆ ಕುಡಿಯುವ ಎಣ್ಣೆ ಬೇರೆ, ಮೈಗೆ ಹಚ್ಚುವ ಎಣ್ಣೆ ಬೇರೆ. ಇದಕ್ಕೆ ಎರಡೂ ಒಂದೇ. ಕುಡಿದ ಹರಳೆಣ್ಣೆಯೇ ಒಳಗೆಲ್ಲ ಸವರಿಕೊಂಡು ಪಿಸ್ಟನ್ನನ್ನು ಕಾಯುತ್ತದೆ. ಆದ್ದರಿಂದ ಎಣ್ಣೆ ಹೋಗುವ ಕಂಡಿ ಕಟ್ಟಿತೋ, ಇಂಜಿನ್ನು ಹಸಿವಿನಿಂದ ನಿಲ್ಲುವುದಷ್ಟೇ ಅಲ್ಲ, ಒಣಗಿ, ಕಾದು, ಪಿಸ್ಟನ್ನು ಕಚ್ಚಿಕೊಂಡರೆ ಮುಗಿಯಿತು. ಆ ಕಂಡಿಯಾದರೂ ಎಷ್ಟು? ಸೂಜಿಯ ಮೊನೆಯಷ್ಟು.

ಇಷ್ಟು ತಿಳಿದ ನಾನು ಸೋಸದೆ ಬಿಡುತ್ತೇನೆಯೆ? ಸೋಸುವುದರ ಬಗ್ಗೆ ನನಗೆ ಪಾಂಡಿತ್ಯವೇ ಇದೆ. 'ಶೋಧಿಸು' ಎಂಬ ಮಾತೇ ನಮ್ಮ ಅಡುಗೆಮನೆಗೆ ಬಂದು ಸವೆದು 'ಸೋಸು' ಆಗಿದೆ. ಎಂದರೆ ಕಾಫಿ ಸೋಸುವ ಹೆಂಗಸೂ ಒಂದು ಬಗೆಯ ಸಂಶೋಧಕಿಯೇ. ನಮ್ಮ ಪಂಡಿತರು ಚೂರ್ಣವನ್ನು 'ವಸ್ತ್ರಗಾಳಿತ' ಮಾಡಿ ಎನ್ನುತ್ತಿದ್ದರಲ್ಲ, ಬಟ್ಟೆಯಲ್ಲಿ ಸೋಸುವುದು, ಅದೇ ಪದ್ಧತಿ ಹಿಡಿದೆ. ಮನೆಯಲ್ಲಿದ್ದ ಅತ್ಯಂತ ಶುಭ್ರವಾದ ಬಟ್ಟೆ ನನ್ನ ಶಾಲೆಯ ಪಂಚೆ. ಅದನ್ನು ನಾಲ್ಕು ಮಡಿಕೆ ಮಾಡಿ, ಮಿಶ್ರಣವನ್ನು ಒಂದಲ್ಲ, ಎರಡು ಸಲ ಸೋಸಿದೆ.

ಮಾವ ಭಾನುವಾರ ಬರುವುದಾಗಿ ಕಾಗದ ಬರೆದಿದ್ದರು. ಬುಧವಾರ ಸಂಜೆ ಕಣದಲ್ಲಿ ಪರೀಕ್ಷೆ. ಚಕ್ರಕ್ಕೆ ದಾರ ಸುತ್ತಿ ಎಳೆದೆ. ಕಾರು ಕಿರುಚಿಕೊಂಡು ಹೊರಟಿತು, ಅರ್ಧ ಸುತ್ತು ಹೋಯಿತು, ಕೆಮ್ಮಿತು, ನಿಂತಿತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಎತ್ತಿನ ಬಾಲದ ಕೂದಲೊಂದನ್ನು ಗೌಡರಿಂದ ಬೇಡಿ ತಂದು ಕಂಡಿಗೆ ತೂರಿಸಿ ತೆಗೆದೆ. ಮತ್ತೆ ಅರ್ಧ ಸುತ್ತು, ಮತ್ತೆ ಕೆಮ್ಮು. ಮೂರನೆಯ ಸಲಕ್ಕೆ ನನಗೆ ನಿಜವಾಗಿ ಭಯವಾಯಿತು. ಇನ್ನೊಂದು ಸಲ ಎಳೆದರೆ ಪಿಸ್ಟನ್ನು ಕಚ್ಚಿ ಇಂಜಿನ್ನೇ ಸಾಯಬಹುದು. ಎಳೆಯದಿದ್ದರೆ ಭಾನುವಾರ ಅದು ಹುಣಸೂರಿನ ಬಸ್ಸು ಹತ್ತುತ್ತದೆ. ಆ ಸೈಕಲ್ ಶಾಪಿನವನ ಹಲ್ಲು ಕಣ್ಣ ಮುಂದೆ ಬಂದು ನನಗೆ ಊಟ ಸೇರಲಿಲ್ಲ.

ಸೋಸಿದ್ದರಲ್ಲಿ ತಪ್ಪಿರಲಾರದು ಎಂದು ಜಯಮ್ಮನಿಗೆ ಪಾಠ ಹೇಳುತ್ತಾ ಸಾಕ್ಷಿಗೆ ಪಂಚೆಯನ್ನೇ ಮುಂದೆ ಹಿಡಿದೆ. ಆಕೆ ಅದರ ಒಣ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದಳು. ಬಿಳಿಯ ಪುಡಿ ಉದುರಿತು.

"ಏನ್ರೀ ಇದು, ಗಂಜಿ ಪಂಚೇಲಿ ಸೋಸಿದ್ದೀರಲ್ಲಾ!"

ಗಂಜಿ! ಮೇಷ್ಟರ ಪಂಚೆ ಗರಿಗರಿಯಾಗಿ ನಿಲ್ಲಬೇಕೆಂದು ವಾರವಾರವೂ ಹೇಳಿ ಹೇಳಿ ಗಂಜಿ ಹಾಕಿಸುವವನು ನಾನೇ. ಕಸ ತಡೆಯಲೆಂದು ಹಿಡಿದ ಬಟ್ಟೆಯೇ ಕಸ ಬಡಿಸಿತ್ತು. ಎರಡು ಸಲ ಸೋಸಿದ ಶಿಸ್ತಿನವನಾದ್ದರಿಂದ ಎರಡು ಸಲ ಬಡಿಸಿತ್ತು.

ಅಲ್ಲಿಂದ ಮುಂದಿನ ಕಾರುಬಾರೆಲ್ಲ ಜಯಮ್ಮನದು. ಮಿಶ್ರಣವನ್ನು ಚೆಲ್ಲಿಸಿ, ಟ್ಯಾಂಕನ್ನೂ ಕಂಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆಸಿದಳು. ಬೇರೆ ಹರಳೆಣ್ಣೆಯನ್ನು ಶೀಸೆಗೆ ತುಂಬಿ, ಯಾರೂ ಅಲುಗಿಸದ ಅಟ್ಟದ ಮೂಲೆಯಲ್ಲಿ ಇಟ್ಟಳು. ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಶುಕ್ರವಾರ ಪಕ್ಕದ ಮನೆಯಾಕೆ ಬಂದಾಗ ಒಳಗಿನಿಂದ ಜಯಮ್ಮನ ಮಾತು ಕೇಳಿಸಿತು: "ಇನ್ನೂ ತಿಳ್ದಿಲ್ಲ ಕಣಕ್ಕ. ಮೇಲ್ ಮೇಲೆ ಒಸಿ ತಿಳ್ದಂಗೆ ಕಾಣ್ತದೆ, ತಳದಲ್ಲಿ ಬರೀ ಗಸಿ." ನನ್ನ ಬಗ್ಗೆಯೇ ಎಂದುಕೊಂಡು ಕೋಪದಿಂದ ಒಳಗೆ ನುಗ್ಗಿದೆ. ಇಬ್ಬರೂ ಅಟ್ಟದ ಶೀಸೆಯನ್ನು ಅಲುಗಿಸದೆ, ಅದರ ಹಿಂದೆ ದೀಪ ಹಿಡಿದು ನೋಡುತ್ತಿದ್ದರು.

ಆಮೇಲೆ ಈ ಮಾತನ್ನು ನಾನು ಬಹಳ ಮೆಲುಕು ಹಾಕಿದ್ದೇನೆ. ಕನ್ನಡದಲ್ಲಿ ನೀರೂ ತಿಳಿಯುತ್ತದೆ, ಮನುಷ್ಯನೂ ತಿಳಿಯುತ್ತಾನೆ. ತಿಳಿಸಾರು, ತಿಳಿನೀರು, ತಿಳಿವಳಿಕೆ ಎಲ್ಲ ಒಂದೇ ಮನೆಯವು. ದಿನಕ್ಕೆ ಐವತ್ತು ಸಲ ತರಗತಿಯಲ್ಲಿ "ತಿಳೀತಾ?" ಎಂದು ಕೇಳುವ ನಾನು, ತಿಳಿಯಲು ಏನನ್ನಾದರೂ ಅಲುಗಿಸದೆ ಇಡಬೇಕಾಗುತ್ತದೆಂದು ಯೋಚಿಸಿಯೇ ಇರಲಿಲ್ಲ. ಪ್ರಶ್ನೆ ಕೇಳಿ ಕೇಳಿ ತಳದ ಗಸಿಯನ್ನೆಲ್ಲ ಕಲಕುತ್ತಿದ್ದೆ.

ಭಾನುವಾರ ಬೆಳಗ್ಗೆ ಜಯಮ್ಮ ತಳದ ಎರಡು ಬೆರಳಷ್ಟು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿದಳು. ಮದುವೆಯ ರೇಷ್ಮೆ ಕುಪ್ಪಸವೊಂದಿತ್ತು, ಈಗ ಹತ್ತುವುದಿಲ್ಲ. (ಏಕೆಂದು ಬರೆಯಲು ನನಗೆ ಧೈರ್ಯವಿಲ್ಲ.) ಅದರ ತೋಳನ್ನು ಕತ್ತರಿಸಿ, ಸೀಮೆಎಣ್ಣೆ, ಈಥರ್ ಬೆರೆಸಿದ ಎಣ್ಣೆಯನ್ನು ಅದರಲ್ಲಿ ಸೋಸಿದಳು. ರೇಷ್ಮೆ ನೂಲು ಉದುರಿಸುವುದಿಲ್ಲವಂತೆ. ಉಳಿದ ಚೂರನ್ನು ಗಾಳಿ ಎಳೆಯುವ ಬಾಯಿಗೆ ಕಟ್ಟಿ, "ಕಣುದ್ ದೂಳು ಒಳೀಕ್ ಓಗ್ದಿರ್ಲಿ" ಎಂದಳು. ಇದು ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

ಮಾವ ಹತ್ತೂವರೆ ಬಸ್ಸಿಗೆ ಬಂದವರು ಕಾಫಿಯನ್ನೂ ಮುಟ್ಟದೆ ನೇರ ಕಣಕ್ಕೆ ನಡೆದರು. ದಾರ ಸುತ್ತಿ ಎಳೆದೆ. ಕಾರು ಕಿರುಚಿತು. ಒಂದು ಸುತ್ತು. ಎರಡು. ಹತ್ತರ ಮೇಲೆ ಎಣಿಸುವುದನ್ನು ಬಿಟ್ಟೆ. ಟ್ಯಾಂಕು ಬರಿದಾಗುವ ತನಕ ಅದು ಒಮ್ಮೆಯೂ ಕೆಮ್ಮಲಿಲ್ಲ. ಸಂತೋಷಕ್ಕೆ ನಾನು ಪುಟ್ಟೇಗೌಡರನ್ನು ತಬ್ಬಿಕೊಂಡುಬಿಟ್ಟೆ. ಅವರು ಬಿಡಿಸಿಕೊಂಡು ಹೆಗಲ ಟವೆಲ್ ಸರಿಮಾಡಿಕೊಂಡರು.

ಮಾವ ಕಾರನ್ನೆತ್ತಿ ರೇಷ್ಮೆಯ ಚೂರನ್ನು ನೋಡಿದರು, ಟ್ಯಾಂಕನ್ನು ಮೂಸಿದರು, ನನ್ನನ್ನು ನೋಡಿದರು. "ಇದು ನಿನ್ ಕೆಲ್ಸ ಅಲ್ಲ." ನಾನು ಸುಳ್ಳು ಹೇಳಲಿಲ್ಲ. ಗಂಜಿಯ ಕತೆಯನ್ನೆಲ್ಲ ಹೇಳಿದೆ. ಮಾವ ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಸೆರಗೊಡ್ಡು ಮಗಾ" ಎಂದು ಜಯಮ್ಮನನ್ನು ಕರೆದು ಕಾರನ್ನು ಮಡಿಲಿಗೆ ಇಟ್ಟರು. "ಹುಣಸೂರಿಗೂ ಇಲ್ಲ, ಇವನ್ಗೂ ಇಲ್ಲ. ಇದು ನಿಂದು ಕಣವ್ವ."

ಜಯಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಯಾವುದು ಎಷ್ಟು ಎಂದು ಕೇಳಬೇಡಿ.

ಈಗಲೂ ಸುಗ್ಗಿ ಕಳೆದ ಮೇಲೆ ಕಾರು ಓಡುತ್ತದೆ. ದಾರ ಎಳೆಯುವುದು ಆಕೆ. ಮೊನ್ನೆ ಪಿರಿಯಾಪಟ್ಟಣದಿಂದ ಬಂದ ಒಬ್ಬರು, "ಕಾರು ಮೇಷ್ಟರದೋ?" ಎಂದು ಕೇಳಿದರು. "ನಮ್ಮ ಮನೆಯವರದು. ನಾನು ಡ್ರೈವರ್" ಎಂದೆ, ತಲೆಯೆತ್ತಿಯೇ.

ಪುಟ್ಟೇಗೌಡರು ಕಣದ ಅಂಚಿನಿಂದಲೇ ಕೇಳಿದರು: "ಮೇಟಿಗ್ ಕಟ್ಟಿರೋ ಕಾರ್ಗೆ ಡ್ರೈವರ್ ಯಾಕ್ ಮೇಷ್ಟ್ರೇ?"

ಪ್ರಶ್ನೆ ಸರಿಯೇ. ಆದರೂ ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲು ನಾನು ತಯಾರಿಲ್ಲ.