ಸಲಾಲಾ ದಾರಿಯಲ್ಲಿ ಬಾಯಮ್ಮನ ಚಾ

ಕೋವಿಡ್ ಕಳೆದ ಮೇಲಿನ ಒಂದು ಜುಲೈ. ನಾನಾಗ ಮಸ್ಕತ್ತಿನ ಘಾಲಾದಲ್ಲಿ ಬಾಡಿಗೆ ಕಾರುಗಳ ಕಂಪೆನಿಯೊಂದರ ಡ್ರೈವರ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಹೇಳಿದ ಹೊತ್ತಿಗೆ ಗಾಡಿ ಮುಟ್ಟಿಸುವ ವಿಷಯದಲ್ಲಿ ಯಾರೂ ನನ್ನತ್ತ ಬೆರಳು ತೋರಿಸಿದ್ದಿಲ್ಲ.

ಒಂದು ಬೆಳಿಗ್ಗೆ ಒಮಾನಿನ ದಕ್ಷಿಣ ತುದಿಯ ಸಲಾಲಾದಿಂದ ಡೆನ್ಜಿಲ್ ಎಂಬವರ ಫೋನು ಬಂತು. ಮರುದಿನ ಅವರ ಹೆಂಡತಿಗೆ ಸಿಸೇರಿಯನ್. ಬಾಣಂತನಕ್ಕೆಂದು ಮಂಗಳೂರಿನಿಂದ ಬಂದ ಅತ್ತೆ ಮಸ್ಕತ್ತಿನಲ್ಲಿ ಇಳಿಯುವಾಗ ಕಿವಿನೋವಿನಿಂದ ಹೈರಾಣಾಗಿ, ಇನ್ನೊಂದು ವಿಮಾನ ಹತ್ತುವುದಿಲ್ಲವೆಂದು ಕೂತುಬಿಟ್ಟಿದ್ದರು. ಅವರನ್ನು ಕಾರಿನಲ್ಲಿ ಕರೆತರಬೇಕಿತ್ತು.

ಏರ್‌ಪೋರ್ಟಿನಲ್ಲಿ ಆ ಅತ್ತೆ ಲಿಲ್ಲಿ ಬಾಯಮ್ಮನಿಗೆ ನಾನೂ ಹೇಳಿ ನೋಡಿದೆ. "ವಿಮಾನದಲ್ಲಿ ಒಂದೂವರೆ ಗಂಟೆ. ಕಾರಿನಲ್ಲಾದರೆ ದಿನವಿಡೀ ಬೇಕು."

"ಸಮುದ್ರ ದಾಟಲಿಕ್ಕೆ ವಿಮಾನ ಬೇಕು, ಸರಿ. ಇಲ್ಲಿ ನೆಲ ಉಂಟಲ್ಲ ಮಾರಾಯ. ನೆಲದ ಮೇಲೆ ಎಂತಕ್ಕೆ ಹಾರುವುದು?"

ಆ ನೆಲ ಸಾವಿರ ಕಿಲೋಮೀಟರ್. ಅವರು ಹಾರಿ ಬಂದ ದೂರದ ಹೆಚ್ಚುಕಡಿಮೆ ಅರ್ಧ. ಸಂಜೆ ಆರಕ್ಕೆ ಮುಟ್ಟಿಸುತ್ತೇನೆಂದು ಅಳಿಯನಿಗೆ ಮಾತು ಕೊಟ್ಟು ಬೆಳಿಗ್ಗೆ ಎಂಟಕ್ಕೆ ಹೊರಟೆ.

ದಾರಿಯ ನಿಜ್ವಾ ಪೇಟೆಯಲ್ಲೇ ಬಾಯಮ್ಮ "ಸಲಾಲಾ ಬಂತಾ?" ಎಂದರು. ಆದಮ್‌ನಲ್ಲಿ ಮತ್ತೆ ಅದೇ ಪ್ರಶ್ನೆ. ಅಲ್ಲಿಂದ ಮುಂದೆ ಬರೀ ಮರುಭೂಮಿ. "ಇಷ್ಟು ಹೊತ್ತಿಗೆ ಹತ್ತು ಸಲ ಉಡುಪಿಗೆ ಹೋಗಿ ಬರಬಹುದಿತ್ತು" ಎಂದು ಗೊಣಗಿದರು. ಆಪರೇಷನ್ನಿಗೆ ಮೊದಲು ಮಗಳ ತಲೆಯ ಮೇಲೆ ಕೈಯಿಡಬೇಕು. ಅವರಿಗೆ ಬೇರೆ ಧ್ಯಾನವೇ ಇರಲಿಲ್ಲ.

ಅರ್ಧದಾರಿಯ ಹೈಮಾ ಹತ್ತಿರವಾದಂತೆ ನನ್ನ ಕಣ್ಣು ಎಳೆಯತೊಡಗಿತು. ಹಿಂದಿನ ದಿನ ದೂರದ ಬುರೈಮಿಗೆ ಗಾಡಿ ಓಡಿಸಿ ರಾತ್ರಿ ತಡವಾಗಿ ಮರಳಿದ್ದೆ. ಮುಖಕ್ಕೆ ನೀರು ಚಿಮುಕಿಸಿಕೊಂಡೆನೇ ಹೊರತು ನಿಲ್ಲಿಸಲು ಮನಸ್ಸಾಗಲಿಲ್ಲ. ಕೊಟ್ಟ ಮಾತಿತ್ತಲ್ಲ.

"ನನಗೆ ಚಾ ಬೇಕು" ಎಂದರು ಬಾಯಮ್ಮ.

"ತಡ ಆಗ್ತದೆ."

"ಆಗಲಿ."

ಹೈಮಾದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಚಾ ತಂದುಕೊಟ್ಟರೆ, ಲೋಟ ನನ್ನ ಕೈಗೇ ಹಿಡಿಸಿದರು. "ನಾನು ಚಾ ಕುಡಿಯುವವಳಲ್ಲ. ಇದನ್ನು ಕುಡಿದು ಸ್ವಲ್ಪ ಮಲಗು. ಆಗಿನಿಂದ ಕನ್ನಡಿಯಲ್ಲಿ ನಿನ್ನ ಕಣ್ಣು ನೋಡ್ತಾ ಇದ್ದೇನೆ."

"ಅಲ್ಲಿ ಮಗಳು ಕಾಯ್ತಾ ಇದ್ದಾರೆ ಬಾಯಮ್ಮ."

"ಕಾಯಲಿ. ನೀನು ಹೀಗೇ ಗಾಡಿ ಬಿಟ್ಟರೆ ಅವಳ ಆಸ್ಪತ್ರೆಯಲ್ಲಿ ನಮಗೂ ಎರಡು ಬೆಡ್ ಬೇಕಾದೀತು."

ಎಚ್ಚರವಾದಾಗ ನನ್ನ ಕಡೆಯ ಕಿಟಕಿಗೆ ಸಿಕ್ಕಿಸಿದ ಅವರ ಶಾಲು ಬಿಸಿಲು ಮರೆಮಾಡಿತ್ತು. ಆ ನಿದ್ದೆಯ ಬೆಲೆ ತಿಳಿದದ್ದು ಸಲಾಲಾದ ಬೆಟ್ಟ ಇಳಿಯುವಾಗ. ಅಲ್ಲಿನ ಮಳೆಗಾಲದ ಮಂಜು ಹೇಗೆ ಕವಿದಿತ್ತೆಂದರೆ ಮುಂದಿನ ಗಾಡಿಯ ಕೆಂಪು ದೀಪವೂ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುತ್ತಿತ್ತು.

ಅಳಿಯನ ಮನೆ ತಲುಪಿದಾಗ ಏಳೂವರೆ ದಾಟಿತ್ತು. ತುಂಬುಬಸುರಿ ಮಗಳು ಬಾಗಿಲಲ್ಲೇ ಗದರಿದಳು: "ಒಂದೂವರೆ ಗಂಟೆಯ ದಾರಿಗೆ ಇಡೀ ದಿನ ಮಾಡಿದ್ದೀಯಲ್ಲ ಮಮ್ಮಿ." ಬಾಯಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನತ್ತ ತಿರುಗಿ, "ಇವನಿಗೆ ಮೊದಲು ಊಟ ಹಾಕು" ಎಂದರು.

ಸಲಾಲಾಕ್ಕೆ ಎಷ್ಟು ಗಂಟೆ ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ಹನ್ನೆರಡು ಎನ್ನುತ್ತೇನೆ. ಫೋನು ಹತ್ತೇ ತೋರಿಸುತ್ತದಲ್ಲ ಎಂದರೆ, ಫೋನಿಗೆ ನಿದ್ದೆ ಬರುವುದಿಲ್ಲ ಎನ್ನುತ್ತೇನೆ.