ಗೋಡೆಯ ಆಚೆಬದಿ

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ನನ್ನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದ. ಸ್ವಿಚ್ ಬೋರ್ಡು ಕೂರಿಸಲು ಅಷ್ಟಗಲ ಕೊರೆಯಬೇಕಂತೆ. ಉಳಿಯ ಮೊದಲ ಪೆಟ್ಟಿಗೇ ಸಿಮೆಂಟಿನ ಒಣ ವಾಸನೆ ಎದ್ದಿತು. "ನಿಲ್ಲಪ್ಪಾ" ಎಂದೆ. ದನಿ ನನ್ನದೆನಿಸಲಿಲ್ಲ. ನೀವು ನಗಬಹುದು, ಅದಕ್ಕೆ ಮುಂಚೆ ಪೆರಂಬೂರಿನ ಮನೆಯ ಸಂಗತಿ ಕೇಳಿಬಿಡಿ.

ಮನೆ ಎಂದೆ, ಅದು ಪೋರ್ಷನ್. ಒಂದು ಮನೆಯ ನಡುವೆ ಗೋಡೆಯೆಬ್ಬಿಸಿ ಎರಡು ಸಂಸಾರ ಹೂಡಿಸುವುದರಲ್ಲಿ ಮದರಾಸಿನ ಮಾಲೀಕರು ನಿಸ್ಸೀಮರು. ನಮ್ಮದು ಟೊಳ್ಳು ಸಿಮೆಂಟ್ ಬ್ಲಾಕಿನ ತೆಳುಗೋಡೆ. ಈಚೆ ಅಮ್ಮ, ಅಣ್ಣ, ಅತ್ತಿಗೆ, ನಾನು; ಆಚೆ ಅಯ್ಯಂಗಾರ್ ಮಾಮಿ. ಅವರು ಒಗ್ಗರಣೆ ಹಾಕಿದರೆ ಸೀನುವವರು ನಾವು.

ನಮ್ಮ ದೇವರ ಪಟಗಳು ಟ್ರಂಕಿನ ಮೇಲಿದ್ದವು. ಗೋಡೆಯಲ್ಲೊಂದು ಗೂಡು ಕೊರೆಸಲು ಮಾಲೀಕರು ಒಪ್ಪುವ ಹೊತ್ತಿಗೆ ಅತ್ತಿಗೆ ಬಸುರಿ. ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಹೆಚ್ಚು ಏಳಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆ.

"ಬಸುರಿ ಇರೋ ಮನೇಲಿ ಗೋಡೆ ಒಡೀಬಾರದು, ಮಗೂಗೆ ಆಗಲ್ಲ" ಎಂದರು ಅಮ್ಮ.

"ಮಾಲೀಕರು ನಾಳೆ ಮನಸ್ಸು ಬದಲಾಯಿಸಿದ್ರೆ?" ಎಂದ ಅಣ್ಣ.

ದಾರಿ ಹುಡುಕಿದವರೂ ಅಮ್ಮನೇ. "ಅವಳು ಮನೇಲಿಲ್ದಿದ್ರೆ ದೋಷ ಇಲ್ಲ. ಮಾಮಿ ಮನೇಲಿ ಮಲಗಿರ್ಲಿ." ಅಣ್ಣನ ಹೆಗಲು ಹಿಡಿದು ಅತ್ತಿಗೆ ಮೆಲ್ಲಗೆ ಹೋದರು. ದೋಷವನ್ನು ನಂಬದ ಬಿ.ಎಸ್ಸಿ. ವಿದ್ಯಾರ್ಥಿನಿಯಾದ ನಾನು ದಿಂಬು ಹೊತ್ತು ಹಿಂಬಾಲಿಸಿ, ಬಾಗಿಲಲ್ಲಿ ಮಾಮಿಗೆ ಕೊಟ್ಟು ಬಂದೆ.

ಮೇಸ್ತ್ರಿ ನಗೆಗಾರ. "ಇದು ಸುವರಾಮ್ಮಾ? ಅಪ್ಪಳಂ!" ಎಂದ, ಗೋಡೆಯಲ್ಲವಂತೆ, ಹಪ್ಪಳವಂತೆ. ಹಾಗೆನ್ನುವಷ್ಟರಲ್ಲಿ ಬ್ಲಾಕು ಒಡೆದು ಆಚೆಗೆ ತೂತು ಬಿತ್ತು. ಮೇಲಿನ ಸಾಲು ಕರಕರ ಎಂದು ಜಗ್ಗಿತು. ತೂತಿನಿಂದ ಕೆಮ್ಮು ಕೇಳಿಸಿತು, ಹಿಂದೆಯೇ, ನನ್ನ ಕಿವಿಯ ಪಕ್ಕದಲ್ಲೇ ಎನ್ನುವಂತೆ, ಅತ್ತಿಗೆಯ ದನಿ: "ಯಾರದು? ಮುಖದ ಮೇಲೆಲ್ಲ ಪುಡಿ ಬೀಳ್ತಿದೆ."

ಮನೆಯಿಂದ ಆಚೆ ಕಳಿಸಿ, ಅದೇ ಗೋಡೆಯ ಮಗ್ಗುಲಿಗೆ ಮಲಗಿಸಿದ್ದೆವು.

ಮೇಸ್ತ್ರಿಯ ನಗು ಹೋಯಿತು. ಎರಡೂ ಕೈಯಲ್ಲಿ ಮೇಲಿನ ಬ್ಲಾಕನ್ನು ಒತ್ತಿ ಹಿಡಿದ. ಏಳಿ ಎನ್ನೋಣವೆಂದರೆ ಅತ್ತಿಗೆ ಧಡಕ್ಕನೆ ಏಳಕೂಡದು. ಮಂಚ ಎಳೆಯಿರಿ ಎಂದು ಮಾಮಿಗೆ ಕೂಗಿದವಳು ನಾನಂತೆ. ತಮಿಳಿನಲ್ಲೋ ಕನ್ನಡದಲ್ಲೋ ನೆನಪಿಲ್ಲ. "ಎಳುಂದಿರಿಕ್ಕಾದೇ ಮಾ, ಏಳಬೇಡ!" ಎನ್ನುತ್ತ ಮಾಮಿ ಅತ್ತಿಗೆ ಸಮೇತ ಮಂಚ ಎಳೆದ ಸದ್ದು ಕೇಳಿತು. ಬ್ಲಾಕು ಮೇಸ್ತ್ರಿಯ ಕೈಜಾರಿ ಆಚೆ ಬಿತ್ತು, ಅತ್ತಿಗೆ ತಲೆಯಿಟ್ಟಿದ್ದ ಜಾಗಕ್ಕೆ.

ಹೆರಿಗೆಯವರೆಗೆ ನಮ್ಮ ಮನೆಯಲ್ಲಿ ಪಾತ್ರೆಯನ್ನೂ ಯಾರೂ ಸದ್ದಾಗಿ ಇಡಲಿಲ್ಲ. ಮಗು ಹುಟ್ಟಿದಾಗ ಅಮ್ಮ ಅದರ ಕಿವಿ, ತುಟಿ, ಬೆರಳುಗಳನ್ನು ನೋಡಿದರು. ಅವರು ಹೊರಗೆ ಹೋದಮೇಲೆ ನಾನೂ ನೋಡಿದೆ. ಎಲ್ಲ ಸರಿಯಾಗಿತ್ತು.

ಇಷ್ಟು ನೆನೆಯುವಷ್ಟು ಹೊತ್ತೂ ಎಲೆಕ್ಟ್ರಿಷಿಯನ್ ಉಳಿ ಹಿಡಿದು ನಿಂತಿದ್ದ. ಆ ಗೋಡೆಯಾಚೆಯ ಪಕ್ಕದ ಮನೆಯವರೊಡನೆ ನಾನು ಈವರೆಗೆ ಒಂದು ಮಾತನ್ನೂ ಆಡಿದವಳಲ್ಲ. ಹೋಗಿ ಬಾಗಿಲು ತಟ್ಟಿದೆ. ನಿಮ್ಮಲ್ಲಿ ಈ ಗೋಡೆಯ ಪಕ್ಕ ಯಾರಾದರೂ ಮಲಗುತ್ತಾರೆಯೇ ಎಂದು ತಮಿಳಿನಲ್ಲಿ ಕೇಳಿದೆ. ಬಾಗಿಲು ತೆರೆದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೂ ಬಾಯಿ ಬಂತೇ ಎಂದು ನಕ್ಕು ಒಳಗೆ ಕರೆದರು. ಗೋಡೆಗೆ ತಾಗಿ ಅವರದೇ ಮಂಚವಿತ್ತು. ಇಬ್ಬರೂ ಸೇರಿ ಎಳೆದೆವು; ಇನ್ನು ಕೊರೆಯಪ್ಪಾ ಎಂದು ಗೋಡೆಯಾಚೆಗೆ ಕೂಗಿದೆ. ಕೊರೆಯುವ ಸದ್ದು ಶುರುವಾದಾಗ ನಾನು ಅವರ ಕೈ ಹಿಡಿದುಕೊಂಡೆ. ಸದ್ದು ನಿಂತ ಮೇಲೂ ಬಿಡಲಾಗಲಿಲ್ಲ.