ಮಗ್ಗದ ಪಾಠ ನನ್ನದಲ್ಲ

ಮಗ್ಗದ ಪಾಠ ನನ್ನದಲ್ಲ. ಅದನ್ನು ನಾನು ಕದ್ದೆ. ಕದ್ದದ್ದಷ್ಟೇ ಅಲ್ಲ — ಅದರ ಒಡತಿಯನ್ನೇ ಕಳ್ಳಿ ಮಾಡಿದೆ.

ಇದನ್ನು ಬರೆಯಲು ಯಾರೂ ನನ್ನನ್ನು ಒತ್ತಾಯಿಸಿಲ್ಲ. ಯಾರೂ ನನ್ನನ್ನು ಹಿಡಿದಿಲ್ಲ. ಇನ್ನು ಏಳು ತಿಂಗಳಿಗೆ ನಿವೃತ್ತಳಾಗುತ್ತೇನೆ, ಸುಮ್ಮನಿದ್ದರೆ ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತಾರೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಗುವವರು ಇರಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ — ಬುದ್ಧಿ ಆಗಲೂ ಇತ್ತು. ಚೆನ್ನಾಗಿಯೇ ಇತ್ತು. ಬುದ್ಧಿ ಇದ್ದೇ ಮಾಡಿದೆ.

ನಾನು ಇಂಗ್ಲಿಷ್ ಶಿಕ್ಷಕಿ. ಹದಿನಾರು ವರ್ಷದ ಹಿಂದೆ ಹುನಗುಂದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಕಲಿಸುತ್ತಿದ್ದುದು ಇಂಗ್ಲಿಷ್, ಆದರೆ ಇಂಗ್ಲಿಷ್ ನನಗೆ ನೆಟ್ಟಗೆ ಬರುತ್ತಿರಲಿಲ್ಲ. ಕುಳಗೇರಿ ಕ್ರಾಸಿನ ಹತ್ತಿರದ ಹಳ್ಳಿಯವಳು, ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ನಮ್ಮ ಮನೆಯಲ್ಲಿ ಓದಿದ ಮೊದಲ ಹೆಣ್ಣುಮಗಳು ನಾನೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಮ್ಮಪ್ಪ ಒಬ್ಬರ ಕುರಿಯನ್ನು ತನ್ನದೆಂದು ಎಂದೂ ಹೇಳಿದವನಲ್ಲ.

ಪ್ರಿಪೊಜಿಷನ್ ಎಂದರೆ ನನಗೆ ಎದೆ ಡವಡವ. ಇನ್, ಆನ್, ಅಟ್ — ಈ ಮೂರು ಚೋಟುದ್ದದ ಶಬ್ದಗಳು ನನ್ನನ್ನು ಕುಣಿಸಿದಷ್ಟು ಯಾವ ಅತ್ತೆಯೂ ಸೊಸೆಯನ್ನು ಕುಣಿಸಿರಲಾರಳು. ಬೋರ್ಡಿನ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ತಪ್ಪಿದವರ ಬೆರಳಿನ ಗೆಣ್ಣಿಗೆ ಅಡಿಪಟ್ಟಿಯ ಏಟು. ಬಸ್ಸಿನೊಳಗೆ ಕೂತವನಿಗೆ ಇನ್ ಬಿಟ್ಟು ಆನ್ ಏಕೆ ಎಂದು ಒಬ್ಬ ಹುಡುಗಿ ಕೇಳಿದಾಗ, "ಪರೀಕ್ಷಾದಾಗ ಹಂಗ ಬರದ್ರ ಮಾರ್ಕ್ಸ್ ಬರ್ತಾವ, ಸುಮ್ನ ಬರಿ" ಎಂದು ಗದರಿದ್ದೆ.

ಆ ವರ್ಷ ಅನ್ನಪೂರ್ಣಾ ಅತಿಥಿ ಶಿಕ್ಷಕಿಯಾಗಿ ಬಂದಳು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಇಪ್ಪತ್ತಾರು ವರ್ಷ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಎಂಟನೇ ತರಗತಿಯಿಂದ ನಗು ಕೇಳಿ, ಬೈಯಲೆಂದೇ ಎದ್ದು ಹೋದೆ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದಳು. ಕಿಟಕಿಯಿಂದ ಬಾಗಿಲಿಗೆ ಸಾಲಾಗಿ ಹಗ್ಗ ಕಟ್ಟಿದ್ದಳು — ಅದು ಹಾಸು, ಮಗ್ಗದ ಉದ್ದಕ್ಕೆ ಬಿಗಿದ ನೂಲು. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಚೌಕ — ಅದು ಮಗ್ಗದ ಕುಣಿ, ನೆಲದಲ್ಲಿನ ತಗ್ಗು. ಒಬ್ಬ ಹುಡುಗಿ ಲಾಳಿಯಾಗಿ ಹಗ್ಗಗಳ ನಡುವೆ ನುಸುಳುತ್ತ "ಥ್ರೂ! ಥ್ರೂ!" ಎಂದು ಕೂಗುತ್ತಿದ್ದಳು. ಹಗ್ಗದ ಕೆಳಗಿದ್ದವನು ಅಂಡರ್, ಎರಡು ಹಗ್ಗದ ಮಧ್ಯೆ ನಿಂತವನು ಬಿಟ್ವೀನ್. ಹಿಂದಿನ ಬೆಂಚಿನ ಮೊದ್ದು ಹುಡುಗರೂ ಪೂರ್ತಿ ವಾಕ್ಯ ಹೇಳುತ್ತಿದ್ದರು, ತಪ್ಪಿಲ್ಲದೆ.

"ನಮ್ಮ ಮಾತಿನಾಗ ಈ ಪ್ರಿಪೊಜಿಷನ್ ಹೆಸರಿನ ಬೆನ್ನಿಗಿ ಬರ್ತದ, ಅವರ ಮಾತಿನಾಗ ಮುಂದ ನಡೀತದ. ಅಷ್ಟ ಐತಿ, ಅಂಜಬ್ಯಾಡ್ರಿ" ಎನ್ನುತ್ತಿದ್ದಳು ಮಕ್ಕಳಿಗೆ. ನಾನು ಗೋಡೆಗೆ ಸರಿಸಿದ್ದ ಒಂದು ಬೆಂಚಿನ ಮೇಲೆ ಕೂತೆ. ಬೈಯಲು ಹೋದವಳು ಕಲಿತು ಬಂದೆ. ಇಪ್ಪತ್ತು ವರ್ಷ ತಲೆಗೆ ಹತ್ತದ್ದು ಅವತ್ತು ಒಂದೇ ತಾಸಿನಲ್ಲಿ ಹತ್ತಿತು. ಆಕೆಯ ಕೈ ಹಿಡಿದು ಒಂದು ಮಾತು ಹೇಳಬೇಕಿತ್ತು — ಹೇಳಲಿಲ್ಲ.

ಅದೇ ಚಳಿಗಾಲ ಬಾಗಲಕೋಟೆಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಮಾದರಿ ಪಾಠ ನೋಡಲು ಬಂದರು. ಅತಿಥಿ ಶಿಕ್ಷಕರನ್ನು ಅಂಥದಕ್ಕೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪಾಳಿ ಬಂತು. ಮಗ್ಗದ ಪಾಠ ಮಾಡುತ್ತೇನೆ ಎಂದಾಗ ಅನ್ನಪೂರ್ಣಾ ಖುಷಿಪಟ್ಟಳು. ಬೆಳಿಗ್ಗೆ ಬೇಗ ಬಂದು ತಾನೇ ಹಗ್ಗ ಕಟ್ಟಿಕೊಟ್ಟಳು. ಪಾಠ ಮುಗಿದ ಮೇಲೆ ಸಾಹೇಬರು, "ಇದು ಯಾರ ವಿಚಾರ್ರಿ? ಭಾಳ ಚಲೋ ಐತಿ" ಎಂದರು. ಆಕೆ ಬಾಗಿಲಲ್ಲೇ ನಿಂತಿದ್ದಳು. ನಾನು ಆಕೆಯ ಕಡೆ ನೋಡಿದೆ. ನೋಡಿಯೇ ಹೇಳಿದೆ —

"ನಂದೇ ಸರ್."

ಆಕೆ ಒಳಗೆ ಬಂದು ಹಗ್ಗದ ಗಂಟು ಬಿಚ್ಚತೊಡಗಿದಳು.

ಅಲ್ಲಿಗೇ ನಿಂತಿದ್ದರೆ ಅದು ಬರೀ ಕಳ್ಳತನ. ಬೇಸಿಗೆಯಲ್ಲಿ ಅನ್ನಪೂರ್ಣಾ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಖಾಸಗಿ ಶಾಲೆಗೆ ಅರ್ಜಿ ಹಾಕಿದಳು. ಕಾಯಂ ಹುದ್ದೆ. ಸಂದರ್ಶನದಲ್ಲಿ ಮಗ್ಗದ ಪಾಠವನ್ನೇ ಮಾಡಿದಳು — ಇನ್ನೇನು ಮಾಡಬೇಕಿತ್ತು, ಅದು ಆಕೆಯದೇ ಅಲ್ಲವೇ? ಅಲ್ಲಿದ್ದವರಲ್ಲಿ ಒಬ್ಬರು ನನ್ನ ಪಾಠ ನೋಡಿದ್ದರು. ನನಗೆ ಫೋನ್ ಬಂತು. "ಅಕ್ಕೋರ, ಈ ಪಾಠ ನಿಮ್ಮದಲ್ಲೇನ್ರಿ? ಈ ಹುಡುಗಿ ತನ್ನದ ಅಂತಾಳ."

ಯೋಚಿಸಲು ಸಮಯವಿತ್ತು. ಒಲೆಯ ಮೇಲೆ ಹಾಲು ಇತ್ತು, ಅದನ್ನು ಇಳಿಸುವಷ್ಟು ಸಮಯವಿತ್ತು. ಇಳಿಸಿದೆ. ಇಳಿಸಿ ಹೇಳಿದೆ — "ನಮ್ಮ ಸಾಲ್ಯಾಗ ಇದ್ಲಲ್ರಿ, ನನ್ನ ನೋಡಿ ಕಲತಾಳ."

ಆ ನೌಕರಿ ಆಕೆಗೆ ಸಿಗಲಿಲ್ಲ. ಜೂನಿನಲ್ಲಿ ನಮ್ಮ ಶಾಲೆಗೂ ಬರಲಿಲ್ಲ. ಮಗ್ಗದ ಪಾಠ ಮಾತ್ರ ನನ್ನ ಹೆಸರು ಹೊತ್ತು ಊರೂರು ತಿರುಗಿತು. ಶಿಕ್ಷಕರ ಕೈಪಿಡಿಯಲ್ಲಿ ಅಚ್ಚಾಯಿತು, ಅದಕ್ಕೆ ಮಗ್ಗದ ಚಿತ್ರವನ್ನೂ ನಾನೇ ಬರೆದುಕೊಟ್ಟೆ. ತರಬೇತಿಗೆ ಕರೆದರು, ಚಪ್ಪಾಳೆ ಹೊಡೆದರು. ಪಾಪಪ್ರಜ್ಞೆಯಿಂದ ನಿದ್ದೆ ಬರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸುಳ್ಳು. ನಿದ್ದೆ ಚೆನ್ನಾಗಿಯೇ ಬಂತು.

ಎರಡು ವರ್ಷದ ಹಿಂದೆ ನನಗೆ ಇಳಕಲ್ಲಿಗೆ ವರ್ಗವಾಯಿತು. ಕಳೆದ ತಿಂಗಳು ತರಗತಿಯಲ್ಲಿ ಕೈಪಿಡಿಯ ಚಿತ್ರ ತೋರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ನೋಡಿ ನಗು ತಡೆಯಲಾರದೆ ಕೇಳಿದಳು — "ಅಕ್ಕೋರ, ಹಿಂಗ ಕಾಲ ಮಡಚಿ ಕುಂತ್ರ ಮಗ್ಗ ತುಳಿಯೋರು ಯಾರ್ರೀ?"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ನಾನು ಬರೆದ ನೇಕಾರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಂತೆ ಕೂತಿದ್ದ. ಕುಣಿ ಮಗ್ಗದ ಆಚೆ ತುದಿಯಲ್ಲಿ ಖಾಲಿ ಬಿದ್ದಿತ್ತು. ನೇಕಾರ ಕಾಲು ಇಳಿಬಿಟ್ಟು ತುಳಿಯುವುದಕ್ಕೇ ಆ ಕುಣಿ ಇರುವುದು ಎಂದು ನನಗೆ ತಿಳಿದೇ ಇರಲಿಲ್ಲ! ನೂಲು ಬೀಳಲಿಕ್ಕೆ ತೋಡಿದ ತಗ್ಗು ಎಂದುಕೊಂಡಿದ್ದೆ. ಇಷ್ಟು ವರ್ಷ ಆ ಚಿತ್ರ ಇಟ್ಟುಕೊಂಡು ಎಷ್ಟೋ ಸಾಹೇಬರ ಮುಂದೆ ಮಾತಾಡಿದ್ದೇನೆ, ಒಬ್ಬರೂ ಕೇಳಲಿಲ್ಲ. ಕದ್ದವಳಿಗೆ ಕದ್ದ ಮಾಲು ಏನೆಂದೇ ಗೊತ್ತಿರಲಿಲ್ಲ. ಅನ್ನಪೂರ್ಣಾಳ ಮನೆಯ ಹೊಸ್ತಿಲನ್ನು ಒಂದು ದಿನವಾದರೂ ತುಳಿದಿದ್ದರೆ ಗೊತ್ತಾಗುತ್ತಿತ್ತು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆ — ಆ ಕ್ರಮದಲ್ಲೇ.

ಅದೇ ವಾರ ಕೈಪಿಡಿಯ ಮರುಮುದ್ರಣದ ಮಾತು ಬಂತು, ನನ್ನ ವಿಡಿಯೋವನ್ನೂ ಮಾಡುತ್ತಾರಂತೆ. ನಿಜ ಹೇಳಿಬಿಡುತ್ತೇನೆ ಎಂದೆ ಮನೆಯಲ್ಲಿ. ನಮ್ಮ ಯಜಮಾನರು, "ರಿಟೈರ್ ಆಗೋ ಹೊತ್ತಿನ್ಯಾಗ ಮಾರಿಗಿ ಮಸಿ ಯಾಕ ಬಳ್ಕೋತಿ?" ಎಂದರು. ನನ್ನ ಮಾರಿ, ನನ್ನ ಮಸಿ ಎಂದೆ. ಶಾಲೆಯ ಗೆಳತಿ, ಪಾಠಕ್ಕೆ ಯಜಮಾನರು ಯಾರು, ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂದಳು. ಇದು ಹೊಳೆ ನೀರಲ್ಲ ತಂಗಿ, ಒಬ್ಬಳು ತೋಡಿದ ಬಾವಿ ಎಂದೆ. ನಾನು ಅದಕ್ಕೆ ನನ್ನ ಹೆಸರಿನ ಕಲ್ಲು ನೆಟ್ಟು, ಅವಳನ್ನೇ ಆಚೆ ಹಾಕಿದವಳು.

ಬಾಗಲಕೋಟೆಯ ತರಬೇತಿ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಎಲ್ಲರೆದುರು, ಮೈಕಿನಲ್ಲಿ — ನಂದೇ ಸರ್ ಎಂದದ್ದನ್ನೂ ಹೇಳಿದೆ, ಫೋನಿನ ಮಾತನ್ನೂ ಹೇಳಿದೆ. ಪಿಸುಮಾತು ಎದ್ದಿತು. ಸಂಘಟಕರು ಮುಜುಗರಪಟ್ಟು, ಇಬ್ಬರ ಹೆಸರನ್ನೂ ಹಾಕೋಣ ಬಿಡ್ರಿ ಎಂದರು. ಒಪ್ಪಲಿಲ್ಲ. ನನ್ನ ಹೆಸರು ಹೊಡೆದು ಹಾಕುವವರೆಗೆ ಕುರ್ಚಿಯಲ್ಲಿ ಕೂರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಎದೆ ಸೆಟೆಸಿಕೊಂಡೇ ಕೂತಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ — ನನಗೆ ಹೆಮ್ಮೆಯಾಗಿತ್ತು.

ಆ ಹೆಮ್ಮೆಯನ್ನೇ ಹೊತ್ತು ಅನ್ನಪೂರ್ಣಾಳ ಮನೆಗೆ ಹೋದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಈಗ ಆಕೆಗೆ ನಲವತ್ತೆರಡು. ಸರಕಾರಿ ನೌಕರಿಯ ವಯಸ್ಸು ದಾಟಿದೆ. ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳಂತೆ. ನಾನು ನಿಂತೇ ಎಲ್ಲ ಹೇಳಿದೆ. ಲಾಳಿ ನಿಲ್ಲಲಿಲ್ಲ. ವಿದ್ಯಾಗಿರಿಯ ಫೋನಿನ ಮಾತಿಗೆ ಬಂದಾಗ ನಿಂತಿತು.

"ಅದು ನನಗ ಗೊತ್ತೈತ್ರಿ. ಫೋನ್ ಸ್ಪೀಕರ್‌ಗೆ ಹಾಕಿದ್ರು. ನಾ ಅಲ್ಲೇ ಎದುರಿಗೆ ಕುಂತಿದ್ದೆ."

ಆಕೆ ಲಾಳಿಯನ್ನು ಪಕ್ಕಕ್ಕಿಟ್ಟಳು.

"ನಿಮ್ಮ ನಂಬರ ಕೊಟ್ಟಾಕಿ ನಾನ ರೀ. ಸಾಹೇಬರ ಮುಂದ ಅಂಜಿ ನಂದೇ ಅಂದಿರಬೇಕು, ಒಬ್ಬರ ಇದ್ದಾಗ ಕೇಳಿದ್ರ ಅಕ್ಕೋರು ಖರೆ ಹೇಳ್ತಾರ — ಅಂತ ತಿಳ್ಕೊಂಡಿದ್ದೆ."

ನಾನು ಅಳಲಿಲ್ಲ. ಅಳುವ ಹಕ್ಕು ಅಲ್ಲಿ ನನಗಿರಲಿಲ್ಲ. ಕೈಪಿಡಿಯಲ್ಲಿ ಇನ್ನು ನಿನ್ನ ಹೆಸರೇ ಬರುತ್ತದೆ ಎಂದೆ.

"ಹೆಸರು ಮೊದಲಿಂದೂ ನಂದ ಐತಿ" ಎಂದಳು. ಹೊರಟು ನಿಂತಾಗ ನಮ್ಮ ಕಡೆ ಯಾರೂ ಬಿಡದ ಮಾತು, 'ಹೋಗಿ ಬರ್ರಿ', ಅದನ್ನು ಆಕೆ ಆಡಲಿಲ್ಲ. "ಆತು, ಹೋಗ್ರಿ" ಎಂದಳು. ಸರಿಯಾಗಿಯೇ ಹೇಳಿದಳು.

ಬಾಯಿ ಬಡಿದುಕೊಂಡು ಸಭೆಯಲ್ಲಿ ಹೇಳಿದ್ದು ಏನೂ ಅಲ್ಲ ಎಂದು ಈಗ ತಿಳಿದಿದೆ. ಸೋಮವಾರ ವಿದ್ಯಾಗಿರಿಯ ಆ ಶಾಲೆಗೆ ಹೋಗುತ್ತೇನೆ. ಅವತ್ತಿನವರು ಇರಲಿಕ್ಕಿಲ್ಲ, ಇದ್ದರೂ ನೆನಪಿರಲಿಕ್ಕಿಲ್ಲ. ಹುಚ್ಚಿ ಎಂದು ನಗುತ್ತಾರೆ, ನಗಲಿ. ಆ ಕೋಣೆಯಲ್ಲಿ ಒಬ್ಬ ಹುಡುಗಿ ನನ್ನ ಬಾಯಿಂದ ನಿಜ ಬರುತ್ತದೆಂದು ಕಾಯುತ್ತ ಕೂತಿದ್ದಳು. ಈಗ ಕೇಳಲು ಆಕೆ ಅಲ್ಲಿಲ್ಲ. ಆದರೂ ಹೇಳಿಯೇ ಬರುತ್ತೇನೆ.